ತೆರೆಯ ಮೇಲಿನ ರೊಟ್ಟಿ, ತೆರೆಯಾಚೆಯ ಊರು

ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಆರಂಭವಾದದ್ದು 1981ರ ನವೆಂಬರ್ 1ರಂದು. ಆದರೆ ಅದಕ್ಕೆ ಆರು ವರ್ಷ ಮೊದಲೇ ಗುಲಬರ್ಗಾ, ರಾಯಚೂರು ಮತ್ತು ವಿಜಾಪುರ ಜಿಲ್ಲೆಗಳ ಹಳ್ಳಿಗರು ಟಿ.ವಿ. ನೋಡಿದ್ದರು. ರಾಜಧಾನಿಗೆ ತಲುಪುವ ಮುನ್ನ ಹೊಲಗದ್ದೆಯ ಊರಿಗೆ ತಲುಪಿದ ಆಧುನಿಕ ಸೌಕರ್ಯ ನಮ್ಮ ರಾಜ್ಯದಲ್ಲಿ ಇದೊಂದೇ ಇರಬೇಕು. ಇಂದು ಯಾದಗಿರಿ ಜಿಲ್ಲೆ ಎಂದು ಕರೆಯುವ ಸೀಮೆ, ಅಂದರೆ ಯಾದಗಿರಿ, ಶಹಾಪುರ, ಸುರಪುರ ಪಟ್ಟಣಗಳೂ ಮುದನಾಳದಂಥ ಊರುಗಳೂ ಆಗ ಗುಲಬರ್ಗಾ ಜಿಲ್ಲೆಗೇ ಸೇರಿದ್ದವು. ಪ್ರತ್ಯೇಕ ಜಿಲ್ಲೆಯಾದದ್ದು 2009ರ ಕೊನೆಯಲ್ಲಿ.

ಅರ್ಧ ಶತಮಾನದ ಹಿಂದೆ ಟಿ.ವಿ. ನೋಡಲು ಕಲಿತ ಈ ಸೀಮೆ ಈಗ ತಾನೇ ಟಿ.ವಿ.ಯಲ್ಲಿ ಕಾಣಿಸಿಕೊಳ್ಳುತ್ತಿದೆ. ಅಡುಗೆ ಮತ್ತು ಪ್ರವಾಸದ ಕಾರ್ಯಕ್ರಮಗಳಲ್ಲಿ ಜೋಳದ ರೊಟ್ಟಿ ತಟ್ಟುವ ಕೈಗಳು, ಎಣ್ಣೆಗಾಯಿಯ ಬದನೆ, ಶೇಂಗಾ ಹಿಂಡಿ, ಶಹಾಪುರದ ಬೆಟ್ಟ ಎಲ್ಲವೂ ಬಂದು ಹೋಗುತ್ತವೆ. ನೋಡಿದವರು ಆ ಸೀಮೆಯನ್ನು ತಿಳಿದುಕೊಂಡೆವು ಎಂದುಕೊಳ್ಳುತ್ತಾರೆ. ನಿಜವಾಗಿ ಎಷ್ಟು ತಿಳಿಯಿತು? ತೆರೆಯ ಮೇಲೆ ಕಂಡ ಊಟ ಒಂದು ಜನಸಮುದಾಯದ ಬಗ್ಗೆ ನಮ್ಮ ಮನಸ್ಸಿನಲ್ಲಿ ಎಂಥ ಚಿತ್ರ ಕಟ್ಟುತ್ತದೆ? ಈ ಪ್ರಶ್ನೆಗೆ ಉತ್ತರ ಹುಡುಕಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಕೋಳಿಬಲೆಯ ಕೊಡೆ

1975ರ ಆಗಸ್ಟ್ 1ರಂದು ಆರಂಭವಾದ ಆ ಪ್ರಯೋಗದ ಹೆಸರು ‘ಸೈಟ್’, ಅಂದರೆ ಉಪಗ್ರಹದ ಮೂಲಕ ಶಿಕ್ಷಣ ನೀಡುವ ಟೆಲಿವಿಷನ್ ಪ್ರಯೋಗ. ಅಮೆರಿಕದ ಎ.ಟಿ.ಎಸ್.-6 ಉಪಗ್ರಹವನ್ನು ಭಾರತ ಒಂದು ವರ್ಷದ ಮಟ್ಟಿಗೆ ಬಳಸಿಕೊಂಡಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ಆರಿಸಲಾಯಿತು. ಕರ್ನಾಟಕದ ಪಾಲಿಗೆ ಬಂದವು ಮೇಲೆ ಹೇಳಿದ ಮೂರು ಜಿಲ್ಲೆಗಳು. ಹಿಂದುಳಿದಿರುವಿಕೆಯೇ ಈ ಆಯ್ಕೆಗೆ ಮುಖ್ಯ ಕಾರಣವಾಗಿತ್ತು.

ಶಾಲೆ ಅಥವಾ ಪಂಚಾಯ್ತಿ ಕಟ್ಟಡದಲ್ಲಿ ಒಂದು ಟಿ.ವಿ. ಪೆಟ್ಟಿಗೆ. ಹೊರಗೆ ಕೋಳಿಗೂಡಿಗೆ ಬಳಸುವಂಥ ತಂತಿಬಲೆಯಿಂದ ಮಾಡಿದ, ಮಗುಚಿಟ್ಟ ಕೊಡೆಯಂಥ ಆಂಟೆನಾ. ಅದರ ಅಡ್ಡಳತೆ ಸುಮಾರು ಮೂರು ಮೀಟರ್. ಬೆಳಿಗ್ಗೆ ಒಂದೂವರೆ ಗಂಟೆ ಶಾಲಾ ಮಕ್ಕಳಿಗೆ, ಸಂಜೆ ಎರಡೂವರೆ ಗಂಟೆ ದೊಡ್ಡವರಿಗೆ. ವಿಷಯಗಳು ಬೇಸಾಯ, ಆರೋಗ್ಯ, ಕುಟುಂಬ ಯೋಜನೆ ಮತ್ತು ರಾಷ್ಟ್ರೀಯ ಭಾವೈಕ್ಯ. ದೇಶದ ಒಂದು ಮೂಲೆಯವರು ಇನ್ನೊಂದು ಮೂಲೆಯವರನ್ನು ಕಣ್ಣಾರೆ ಕಂಡರೆ ಪರಸ್ಪರ ಅಪನಂಬಿಕೆ ಕರಗುತ್ತದೆ ಎಂಬುದು ಯೋಜಕರ ನಂಬಿಕೆಯಾಗಿತ್ತು. ಕನ್ನಡದ ಕಾರ್ಯಕ್ರಮಗಳು ಹೈದರಾಬಾದಿನಲ್ಲಿ ತಯಾರಾಗಿ ಆಕಾಶ ಮಾರ್ಗವಾಗಿ ಹಳ್ಳಿಗೆ ಇಳಿಯುತ್ತಿದ್ದವು.

1976ರ ಜುಲೈ 31ಕ್ಕೆ ಪ್ರಯೋಗ ಮುಗಿಯಿತು, ಉಪಗ್ರಹ ಮರಳಿತು. ಆ ಖಾಲಿತನವನ್ನು ತುಂಬಲು 1977ರಲ್ಲಿ ಗುಲಬರ್ಗಾದಲ್ಲಿ ಭೂಮಿಯ ಮೇಲಿನ ಪ್ರಸಾರ ಕೇಂದ್ರ ಶುರುವಾಯಿತು. ರಾಜ್ಯದ ಮೊದಲ ದೂರದರ್ಶನ ಪ್ರಸಾರ ಕೇಂದ್ರ ಅದೇ.

ಇಲ್ಲಿ ಒಂದು ಸಂಗತಿ ಗಮನಿಸಬೇಕು. ಈ ಇಡೀ ವ್ಯವಸ್ಥೆಯಲ್ಲಿ ನೋಟ ಹರಿದದ್ದು ಒಂದೇ ದಿಕ್ಕಿಗೆ. ಹಳ್ಳಿ ಹೊರಗಿನ ಲೋಕವನ್ನು ನೋಡಿತು. ಹೊರಗಿನ ಲೋಕ ಈ ಹಳ್ಳಿಗಳನ್ನು ನೋಡುವ ಏರ್ಪಾಡು ಅದರಲ್ಲಿ ಇರಲಿಲ್ಲ. ಏನು ಬಿತ್ತಬೇಕು, ಮಗುವಿಗೆ ಏನು ಉಣಿಸಬೇಕು ಎಂದು ತೆರೆ ಹೇಳುತ್ತಿತ್ತು. ಇಲ್ಲಿಯವರು ಏನು ಬಿತ್ತುತ್ತಾರೆ, ಏನು ಉಣ್ಣುತ್ತಾರೆ ಎಂದು ಬೇರೆಯವರಿಗೆ ತೋರಿಸುವ ಕೆಲಸ ಬಹಳ ಕಾಲ ಬಾಕಿ ಉಳಿಯಿತು.

ಇದೇ ಕಾಲದಲ್ಲಿ ಗುಜರಾತಿನ ಖೇಡಾ ಜಿಲ್ಲೆಯಲ್ಲಿ ಇನ್ನೊಂದು ದಾರಿಯನ್ನು ಪರೀಕ್ಷಿಸಲಾಯಿತು. ಅಹಮದಾಬಾದಿನ ಬಾಹ್ಯಾಕಾಶ ಬಳಕೆ ಕೇಂದ್ರದ ತಂಡ ಪಿಜ್ ಎಂಬ ಊರಿನ ಸಣ್ಣ ಪ್ರಸಾರ ಕೇಂದ್ರದಿಂದ ಅಲ್ಲಿನ ಜನರ ಮಾತಿನಲ್ಲೇ, ಅವರ ಸಮಸ್ಯೆಗಳನ್ನೇ ಎತ್ತಿಕೊಂಡು ಕಾರ್ಯಕ್ರಮ ಮಾಡಿತು. ಅನೇಕ ಬಾರಿ ಹಳ್ಳಿಗರೇ ಪಾತ್ರಧಾರಿಗಳು. ಯುನೆಸ್ಕೊ ಆ ಯೋಜನೆಯನ್ನು ಗ್ರಾಮೀಣ ಸಂವಹನಕ್ಕಾಗಿ ಗೌರವಿಸಿತು. ಆದರೆ ದೇಶದ ಟೆಲಿವಿಷನ್ ಹಿಡಿದದ್ದು ಆ ದಾರಿಯನ್ನಲ್ಲ. 1982ರ ಏಷ್ಯನ್ ಕ್ರೀಡಾಕೂಟದೊಂದಿಗೆ ಬಣ್ಣ ಬಂತು, ದೆಹಲಿಯ ರಾಷ್ಟ್ರೀಯ ಕಾರ್ಯಕ್ರಮ ಬಂತು, ಜಾಹೀರಾತು ಬಂತು.

ಟೇಲರ್ ಸಾಹೇಬನ ಕಣ್ಣು

ಪರಸ್ಥಳದವರು ಬಂದು ಈ ನಾಡನ್ನು ಕಂಡು ತಮ್ಮವರಿಗೆ ವರ್ಣಿಸಿದ್ದು ಟಿ.ವಿ.ಯಿಂದ ಶುರುವಾದದ್ದಲ್ಲ. ಸುರಪುರದ ಗುಡ್ಡದ ಮೇಲೆ ‘ಟೇಲರ್ ಮಂಜಿಲ್’ ಎಂಬ ಬಂಗಲೆ ಇಂದಿಗೂ ಇದೆ. ಅದನ್ನು ಕಟ್ಟಿಸಿದ ಫಿಲಿಪ್ ಮೆಡೋಸ್ ಟೇಲರ್ 1808ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಹುಟ್ಟಿ, ಹದಿಹರೆಯದಲ್ಲೇ ಭಾರತಕ್ಕೆ ಬಂದು, ನಿಜಾಮನ ಸೈನ್ಯ ಸೇರಿದವನು. 1840ರ ದಶಕದ ಆರಂಭದಿಂದ 1853ರವರೆಗೆ ಸುರಪುರ ಸಂಸ್ಥಾನದ ಆಡಳಿತದ ಹೊಣೆ ಅವನದು. ಆಗ ಇನ್ನೂ ಬಾಲಕನಾಗಿದ್ದ ರಾಜಾ ವೆಂಕಟಪ್ಪ ನಾಯಕ ಅವನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದ. ಅದೇ ವೆಂಕಟಪ್ಪ ನಾಯಕ 1858ರಲ್ಲಿ ಬ್ರಿಟಿಷರ ವಿರುದ್ಧ ನಿಂತು, ಸೆರೆಯಾಗಿ, ಎಳೆಯ ಪ್ರಾಯದಲ್ಲೇ ಪ್ರಾಣ ಕಳೆದುಕೊಂಡದ್ದು ಕನ್ನಡಿಗರಿಗೆ ತಿಳಿದ ಕಥೆ.

ಟೇಲರ್ ಈ ಸೀಮೆಯನ್ನು ಪ್ರೀತಿಸಿದ. ಶಹಾಪುರ, ಸುರಪುರ ಸುತ್ತಲಿನ ಪ್ರಾಚೀನ ಕಲ್ಗೋರಿಗಳನ್ನು ಅಳೆದು ಬರೆದವರಲ್ಲಿ ಅವನು ಮೊದಲಿಗ. ಅವನ ಆತ್ಮಕಥೆ, ಅವನು ತೀರಿಕೊಂಡ ಮರುವರ್ಷ 1877ರಲ್ಲಿ ಪ್ರಕಟವಾಯಿತು. ಸುರಪುರದ ಅಂದಿನ ಜೀವನ ತಿಳಿಯಲು ಇಂದಿಗೂ ಅದನ್ನು ಓದಬೇಕು. ಆದರೂ ಇಂಗ್ಲೆಂಡಿನಲ್ಲಿ ಅವನಿಗೆ ಹೆಸರು ತಂದದ್ದು ಸುರಪುರದ ಜೀವನವಲ್ಲ, ಅದಕ್ಕೂ ಮೊದಲು 1839ರಲ್ಲಿ ಬರೆದ ಠಕ್ಕರ ಕುರಿತ ಕಾದಂಬರಿ. ದಾರಿಹೋಕರ ಕೊರಳಿಗೆ ಕರವಸ್ತ್ರ ಬಿಗಿದು ಕೊಲ್ಲುವ, ದೇವಿಯ ಹೆಸರಿನಲ್ಲಿ ಕೊಲೆ ಮಾಡುವ ಭಾರತೀಯನ ಚಿತ್ರ ಇಂಗ್ಲಿಷ್ ಓದುಗರ ಮನಸ್ಸಿನಲ್ಲಿ ಬೇರೂರಲು ಆ ಪುಸ್ತಕದ ಪಾಲು ದೊಡ್ಡದು. ಹನ್ನೆರಡು ವರ್ಷ ಕೆರೆ, ರಸ್ತೆ, ಕಂದಾಯ ಎಂದು ದುಡಿದವನ ಅನುಭವಕ್ಕಿಂತ ರೋಮಾಂಚಕ ಕಥೆಯೇ ಹೆಚ್ಚು ದೂರ ಹೋಯಿತು.

ಎಷ್ಟು ದೂರ ಎಂದರೆ, 1984ರಲ್ಲಿ ಬಂದ ಹಾಲಿವುಡ್ ಚಿತ್ರ ‘ಇಂಡಿಯಾನಾ ಜೋನ್ಸ್ ಅಂಡ್ ದಿ ಟೆಂಪಲ್ ಆಫ್ ಡೂಮ್’ವರೆಗೆ. ಅದರ ಖಳರು ಅದೇ ಠಕ್ಕರು. ಅಮರೀಶ್ ಪುರಿ ಅವರ ಗುರು. ಆ ಚಿತ್ರದಲ್ಲಿ ಭಾರತದ ಒಂದು ಅರಮನೆಯ ಔತಣದ ದೃಶ್ಯವಿದೆ. ಅತಿಥಿಗಳಿಗೆ ಬಡಿಸುವುದು ಜೀವಂತ ಹಾವಿನ ಮರಿಗಳು, ಹುಳುಗಳು, ಕಣ್ಣುಗುಡ್ಡೆಯ ಸಾರು ಮತ್ತು ತಣ್ಣಗಿನ ಮಂಗನ ಮೆದುಳು! ಕಥೆಯ ಚಿತ್ರಣಕ್ಕೆ ಒಪ್ಪದ ಭಾರತ ಸರ್ಕಾರ ಅನುಮತಿ ಕೊಡಲಿಲ್ಲ, ಚಿತ್ರೀಕರಣ ಶ್ರೀಲಂಕಾಕ್ಕೆ ಹೋಯಿತು. ಚಿತ್ರಮಂದಿರದಿಂದ ಟಿ.ವಿ.ಗೆ, ವಿಡಿಯೊ ಕ್ಯಾಸೆಟ್ಟಿಗೆ ಇಳಿದ ಆ ಔತಣ ಎಷ್ಟೋ ದೇಶಗಳ ಮಕ್ಕಳಿಗೆ ಭಾರತದ ಊಟದ ಮೊದಲ ಪರಿಚಯವಾಯಿತು. ವಿದೇಶದ ಶಾಲೆಗಳಲ್ಲಿ ಭಾರತೀಯ ಮೂಲದ ಮಕ್ಕಳು ‘ನಿಮ್ಮ ಮನೆಯಲ್ಲಿ ಮಂಗನ ಮೆದುಳು ತಿನ್ನುತ್ತೀರಾ’ ಎಂಬ ಕೀಟಲೆ ಸಹಿಸಬೇಕಾಯಿತು. ಒಂದು ಜನಾಂಗವನ್ನು ಕೀಳಾಗಿ ಕಾಣಿಸಲು ಅವರ ತಟ್ಟೆಯನ್ನು ತೋರಿಸುವುದಕ್ಕಿಂತ ಸುಲಭದ ಉಪಾಯ ಇಲ್ಲ.

ಟೇಲರನ ಕಾಲದ ಇನ್ನೊಂದು ಸಾಹಸವನ್ನೂ ಇಲ್ಲಿ ನೆನೆಯಬೇಕು. 1868ರಿಂದ 1875ರ ನಡುವೆ ‘ದಿ ಪೀಪಲ್ ಆಫ್ ಇಂಡಿಯಾ’ ಎಂಬ ಎಂಟು ಸಂಪುಟಗಳು ಲಂಡನ್ನಿನಲ್ಲಿ ಹೊರಬಂದವು. ಪ್ರತಿ ಪುಟಕ್ಕೆ ಒಂದು ಫೋಟೊ, ಅದರ ಪಕ್ಕದಲ್ಲಿ ಆ ಜಾತಿ ಅಥವಾ ಬುಡಕಟ್ಟಿನ ‘ಗುಣ’ ಹೇಳುವ ಬರಹ. ಬರಹಗಾರರಲ್ಲಿ ಟೇಲರನೂ ಒಬ್ಬ. ಒಂದು ಮುಖ ತೋರಿಸಿ, ನಾಲ್ಕು ಸಾಲಿನಲ್ಲಿ ಇಡೀ ಸಮುದಾಯದ ಸ್ವಭಾವ ಹೇಳಿ ಮುಗಿಸುವ ಈ ಪದ್ಧತಿಯನ್ನು ಇಂದಿನ ಪ್ರವಾಸ ಕಾರ್ಯಕ್ರಮಗಳಲ್ಲಿ ಗುರುತಿಸುವುದು ಕಷ್ಟವಲ್ಲ. ಮುಖದ ಜಾಗಕ್ಕೆ ತಟ್ಟೆ ಬಂದಿದೆ, ಅಷ್ಟೆ.

ಅಡುಗೆಮನೆಯಿಂದ ಹೆದ್ದಾರಿಗೆ

ಟಿ.ವಿ.ಯಲ್ಲಿ ಅಡುಗೆ ಟಿ.ವಿ.ಯಷ್ಟೇ ಹಳೆಯದು. ಬಿ.ಬಿ.ಸಿ. ಟಿ.ವಿ. ಪ್ರಸಾರ ಆರಂಭಿಸಿದ ಮರುವರ್ಷವೇ, 1937ರಲ್ಲಿ, ಮಾರ್ಸೆಲ್ ಬುಲೆಸ್ಟಿನ್ ಎಂಬ ಫ್ರೆಂಚ್ ಬಾಣಸಿಗ ಅದರಲ್ಲಿ ಅಡುಗೆ ಮಾಡಿ ತೋರಿಸಿದ. 1963ರಲ್ಲಿ ಜೂಲಿಯಾ ಚೈಲ್ಡ್ ಬಾಸ್ಟನ್ನಿನ ಕೇಂದ್ರದಿಂದ ಅಮೆರಿಕದ ಗೃಹಿಣಿಯರಿಗೆ ಫ್ರೆಂಚ್ ಅಡುಗೆ ಕಲಿಸಿದರು. 1982ರಲ್ಲಿ ಬಿ.ಬಿ.ಸಿ.ಯಲ್ಲಿ ಮಧುರ್ ಜಾಫ್ರಿ ಭಾರತೀಯ ಅಡುಗೆಯ ಸರಣಿ ನಡೆಸಿಕೊಟ್ಟರು. ಅದುವರೆಗೆ ಭಾರತದ ಊಟವೆಂದರೆ ‘ಕರಿ’ ಎಂಬ ಒಂದೇ ಪದದಲ್ಲಿ ಮುಗಿಸುತ್ತಿದ್ದ ಬ್ರಿಟಿಷರಿಗೆ, ಅದರೊಳಗೆ ಎಷ್ಟೊಂದು ಪ್ರಾಂತ್ಯಗಳಿವೆ ಎಂಬುದು ಗೊತ್ತಾಯಿತು. ಪರಕೀಯರ ಕಣ್ಣಿಗಿಂತ ಒಳಗಿನವರ ಕೈ ಹೆಚ್ಚು ಹೇಳಬಲ್ಲದು ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ.

ನಮ್ಮಲ್ಲಿ 1990ರಿಂದ ದೂರದರ್ಶನದಲ್ಲಿ ಬಂದ ‘ಸುರಭಿ’ ಭಾನುವಾರಗಳನ್ನು ಕಸಿದುಕೊಂಡಿತು. ಸಿದ್ಧಾರ್ಥ ಕಾಕ್ ಮತ್ತು ರೇಣುಕಾ ಶಹಾಣೆ ದೇಶದ ಮೂಲೆಮೂಲೆಯ ಕಲೆ, ಹಬ್ಬ, ಕಸುಬುಗಳನ್ನು ಪರಿಚಯಿಸಿದರು. ಪ್ರಶ್ನೆಗಳಿಗೆ ಉತ್ತರವಾಗಿ ಅಂಚೆ ಕಾರ್ಡುಗಳು ಲಕ್ಷಗಟ್ಟಲೆ ಬಂದವು. 1993ರಲ್ಲಿ ಝೀ ವಾಹಿನಿಯಲ್ಲಿ ಸಂಜೀವ್ ಕಪೂರ್ ಅವರ ‘ಖಾನಾ ಖಜಾನಾ’ ಶುರುವಾಯಿತು. 1994ರಲ್ಲಿ ಉದಯ ಟಿ.ವಿ. ಬಂದ ಮೇಲೆ ಕನ್ನಡದ ಖಾಸಗಿ ವಾಹಿನಿಗಳು ಒಂದೊಂದಾಗಿ ಹುಟ್ಟಿದವು. ‘ಒಗ್ಗರಣೆ ಡಬ್ಬಿ’, ‘ಬೊಂಬಾಟ್ ಭೋಜನ’ದಂಥ ಕಾರ್ಯಕ್ರಮಗಳು ಮನೆಮಾತಾದವು. ಇಂಗ್ಲಿಷ್ ವಾಹಿನಿಗಳಲ್ಲಿ ರಾಕಿ ಮತ್ತು ಮಯೂರ್ ಜೋಡಿ ಹೆದ್ದಾರಿಯ ಊಟಗಳನ್ನು ಹುಡುಕುತ್ತ ಹೊರಟಿತು.

ಮಾನವಶಾಸ್ತ್ರಜ್ಞ ಅರ್ಜುನ್ ಅಪ್ಪಾದುರೈ 1988ರ ತಮ್ಮ ಪ್ರಸಿದ್ಧ ಲೇಖನದಲ್ಲಿ, ಇಂಗ್ಲಿಷಿನ ಅಡುಗೆ ಪುಸ್ತಕಗಳು ‘ಭಾರತೀಯ ಅಡುಗೆ’ ಎಂಬುದನ್ನು ಹೇಗೆ ಕಟ್ಟಿದವು ಎಂದು ವಿವರಿಸಿದ್ದಾರೆ. ಒಂದು ಪ್ರಾಂತ್ಯದ ನೂರು ಅಡುಗೆಗಳಲ್ಲಿ ಕೆಲವನ್ನು ಆರಿಸಿ, ಅವನ್ನೇ ಆ ಪ್ರಾಂತ್ಯದ ಗುರುತಾಗಿ ನಿಲ್ಲಿಸುವುದು ಅದರ ಕ್ರಮ. ಪುಸ್ತಕ ಮಾಡಿದ್ದನ್ನೇ ಟಿ.ವಿ. ಇನ್ನೂ ವೇಗವಾಗಿ ಮಾಡಿತು. ಇದು ಯಾರೋ ದುರುದ್ದೇಶದಿಂದ ಮಾಡುವ ಕೆಲಸವಲ್ಲ. ಅರ್ಧ ಗಂಟೆಯ ಕಾರ್ಯಕ್ರಮದಲ್ಲಿ ಜಾಹೀರಾತು ಕಳೆದರೆ ಉಳಿಯುವುದು ಇಪ್ಪತ್ತು ಚಿಲ್ಲರೆ ನಿಮಿಷ. ಅಷ್ಟರಲ್ಲಿ ಊರು ಸೇರಬೇಕು, ಬೆಟ್ಟ ತೋರಿಸಬೇಕು, ಒಲೆ ತೋರಿಸಬೇಕು, ನಿರೂಪಕ ಒಂದು ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿ ‘ಅದ್ಭುತ’ ಎನ್ನಬೇಕು. ಹೊತ್ತು ಹೊತ್ತಿಗೆ ಬದಲಾಗುವ ಊಟ, ಮನೆಯಿಂದ ಮನೆಗೆ ಬೇರೆಯಾಗುವ ಊಟ ಈ ಅಳತೆಗೆ ಒಗ್ಗುವುದಿಲ್ಲ.

ಒಂದೇ ತಟ್ಟೆಯ ‘ಉತ್ತರ ಕರ್ನಾಟಕ’

ಹೀಗೆ ತಯಾರಾದದ್ದೇ ‘ಉತ್ತರ ಕರ್ನಾಟಕದ ಊಟ’ ಎಂಬ ತಟ್ಟೆ. ರೊಟ್ಟಿ, ಎಣ್ಣೆಗಾಯಿ, ಕಾಳಿನ ಪಲ್ಯ, ಹಿಂಡಿ, ಮೊಸರು, ಹೋಳಿಗೆ. ಬೆಳಗಾವಿಯಿಂದ ಬೀದರಿನವರೆಗಿನ ವಿಶಾಲ ನಾಡಿಗೆ ಅದೊಂದೇ ತಟ್ಟೆ. ಸುಳ್ಳು ಅದರಲ್ಲಿಲ್ಲ. ಈ ಎಲ್ಲವನ್ನೂ ಯಾದಗಿರಿ ಸೀಮೆಯವರು ಉಣ್ಣುತ್ತಾರೆ. ಬಿಟ್ಟುಹೋದದ್ದರ ಪಟ್ಟಿ ಮಾತ್ರ ಉದ್ದವಾಗಿದೆ.

ಹುಳಿಯಾದ ಪುಂಡಿ ಪಲ್ಯ, ಎಳ್ಳ ಅಮಾವಾಸ್ಯೆಗೆ ಹಲವು ಕಾಳು ಸೊಪ್ಪು ಕೂಡಿಸಿ ಮಾಡುವ ಭಜ್ಜಿ, ಸಜ್ಜೆ ರೊಟ್ಟಿ, ಹೊಲದಲ್ಲಿ ಚರಗ ಚೆಲ್ಲುವ ಸಂಭ್ರಮ ಅಪರೂಪಕ್ಕೆ ಕಾಣಿಸುತ್ತವೆ. 1948ರವರೆಗೆ ನಿಜಾಮನ ಆಳ್ವಿಕೆಯಲ್ಲಿದ್ದ ಈ ಪ್ರದೇಶದ ಮುಸ್ಲಿಂ ಮನೆಗಳ ಅಡುಗೆ, ಬೇಡ ನಾಯಕರ ಸುರಪುರದ ಮಾಂಸದೂಟ, ದಲಿತ ಕೇರಿಗಳ ಅಡುಗೆ ಇನ್ನೂ ಅಪರೂಪ. ಸಸ್ಯಾಹಾರದ ಒಂದು ತಟ್ಟೆಯೇ ಎಲ್ಲರ ತಟ್ಟೆ ಎಂಬ ಭಾವನೆ ನೋಡುಗನಲ್ಲಿ ತಾನಾಗಿಯೇ ಮೂಡುತ್ತದೆ. ತೆರೆಯ ಮೇಲೆ ಬಾರದವರು ನಾಡಿನ ಲೆಕ್ಕದಿಂದಲೂ ಜಾರುತ್ತಾರೆ.

‘ಸಾವಿರಾರು ವರ್ಷಗಳ ಪರಂಪರೆ’ ಎಂಬ ಮಾತೂ ತೆರೆಗೆ ಪ್ರಿಯ. ಜೋಳದ ಮಟ್ಟಿಗೆ ಅದು ಒಪ್ಪಬಹುದಾದ ಮಾತು. ಆದರೆ ಜೋಳವೂ ಬಹು ಹಿಂದೆ ಆಫ್ರಿಕದಿಂದ ಬಂದ ಧಾನ್ಯ. ತಟ್ಟೆಯ ಮೆಣಸಿನಕಾಯಿ ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರ ಮೂಲಕ ಬಂದದ್ದು. ಹಿಂಡಿಯ ಶೇಂಗಾ ಕೂಡ ದಕ್ಷಿಣ ಅಮೆರಿಕ ಮೂಲದ್ದು. ಎಲ್ಲಿಂದಲೋ ಬಂದದ್ದನ್ನು ತನ್ನದಾಗಿಸಿಕೊಂಡ ನಾಡು ಎನ್ನುವುದೇ ಇಲ್ಲಿಯವರ ಹೆಮ್ಮೆಯಾಗಬೇಕು. ಬದಲಾಗದೆ ನಿಂತ ನಾಡು ಎಂದು ತೋರಿಸಿದರೆ ಅದು ಹೊಗಳಿಕೆಯಂತೆ ಕಂಡರೂ ಒಂದು ಬಗೆಯ ಅವಮಾನವೇ.

ಬದಲಾವಣೆ ಎಷ್ಟಾಗಿದೆ ಎಂದು ತಿಳಿಯಲು ಶಹಾಪುರ, ಸುರಪುರದ ಕಾಲುವೆ ಬದಿಗೆ ಹೋದರೆ ಸಾಕು. ಕೃಷ್ಣಾ ಮೇಲ್ದಂಡೆ ಯೋಜನೆಯ ನಾರಾಯಣಪುರ ಅಣೆಕಟ್ಟು, ಅಂದರೆ ಬಸವಸಾಗರ, 1982ರಲ್ಲಿ ಪೂರ್ಣವಾಯಿತು. ಎಡದಂಡೆ ಕಾಲುವೆಯ ನೀರು ಹರಿದಲ್ಲಿ ಜೋಳದ ಹೊಲಗಳು ಭತ್ತದ ಗದ್ದೆಗಳಾದವು. 2013ರಲ್ಲಿ ಅನ್ನಭಾಗ್ಯ ಬಂದ ಮೇಲೆ ಬಡವರ ಒಲೆಯ ಮೇಲೂ ಅನ್ನದ ಪಾಲು ಹೆಚ್ಚಿತು. ರೊಟ್ಟಿಗೆ ಹಿಟ್ಟು ಬೇಕು, ತಟ್ಟುವ ಕಸುವು ಬೇಕು, ಹೊತ್ತು ಬೇಕು. ಕೂಲಿಗೆ ಹೋಗುವ ಹೆಣ್ಣುಮಕ್ಕಳಿಗೆ ಅನ್ನ ಹಗುರದ ಕೆಲಸ. ಇತ್ತ 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಘೋಷಿಸಿತು, ಪಟ್ಟಣದ ತಟ್ಟೆಯಲ್ಲಿ ಜೋಳಕ್ಕೆ ಹೊಸ ಮರ್ಯಾದೆ ಬಂತು. ಕಾಲುವೆಯ ಊರು ಅನ್ನದತ್ತ, ಬೆಂಗಳೂರು ರೊಟ್ಟಿಯತ್ತ ತಿರುಗಿದವು. ತೆರೆ ಮಾತ್ರ ಹಳೆಯ ಚಿತ್ರವನ್ನೇ ತೋರಿಸುತ್ತಿದೆ.

ಖಡಕ್ ರೊಟ್ಟಿಯ ಹಿಂದೆ ಇನ್ನೊಂದು ಕಥೆಯಿದೆ. ವಾರಗಟ್ಟಲೆ ಕೆಡದ ಆ ರೊಟ್ಟಿ ಬುತ್ತಿಯ ರೊಟ್ಟಿ, ಹೊಲಕ್ಕೂ ದೂರ ಪ್ರಯಾಣಕ್ಕೂ ಕಟ್ಟಿಕೊಳ್ಳುವ ರೊಟ್ಟಿ. ಮಳೆ ಕೈಕೊಟ್ಟ ವರ್ಷ ಯಾದಗಿರಿ ಸೀಮೆಯ ಕುಟುಂಬಗಳು ಬೆಂಗಳೂರು, ಮುಂಬೈ, ಪುಣೆ, ಹೈದರಾಬಾದಿನ ಕಟ್ಟಡ ಕೆಲಸಕ್ಕೆ ಗುಳೆ ಹೊರಟಾಗ ಗಂಟಿನಲ್ಲಿ ಇರುತ್ತಿದ್ದದ್ದೂ ಅದೇ. ‘ನೋಡಿ, ಎಷ್ಟು ಗರಿಗರಿ’ ಎಂದು ನಿರೂಪಕ ಮುರಿದು ತೋರಿಸುವಾಗ ಈ ಮಾತು ಬರುವುದಿಲ್ಲ. ಹೀಗಾಗಿ ನಗರದ ವೀಕ್ಷಕ ರೊಟ್ಟಿಯನ್ನು ಮೆಚ್ಚುತ್ತಾನೆ, ಅದನ್ನು ಕಟ್ಟಿಕೊಂಡು ಬಂದು ತನ್ನ ಮನೆಯ ಗೋಡೆ ಕಟ್ಟಿದವರನ್ನು ಗುರುತಿಸುವುದಿಲ್ಲ. ಸುದ್ದಿ ವಾಹಿನಿಯಲ್ಲಿ ಈ ಸೀಮೆ ಬರ ಮತ್ತು ಹಿಂದುಳಿದಿರುವಿಕೆಯಾಗಿ, ಹಾಸ್ಯ ಕಾರ್ಯಕ್ರಮದಲ್ಲಿ ನಗೆ ತರಿಸುವ ಮಾತಾಗಿ, ಅಡುಗೆ ಕಾರ್ಯಕ್ರಮದಲ್ಲಿ ರುಚಿಯಾಗಿ ಬರುತ್ತದೆ. ಮೂರೂ ಒಂದೇ ಜನರ ಬದುಕು ಎಂದು ಜೋಡಿಸಿ ತೋರಿಸುವ ಕಾರ್ಯಕ್ರಮ ಸಿಗುವುದು ಕಷ್ಟ.

ನೋಡುಗನ ಪಾಲು

ಇದರಲ್ಲಿ ಎಲ್ಲ ಕನ್ನಡಿಗರೂ ಬರೀ ನೋಡಿಸಿಕೊಂಡವರಲ್ಲ, ನೋಡುವವರೂ ಹೌದು. 2007ರಿಂದ ಅಮೆರಿಕದ ಟ್ರಾವೆಲ್ ಚಾನೆಲ್‌ನಲ್ಲಿ ‘ವಿಚಿತ್ರ ಆಹಾರಗಳು’ ಎಂಬ ಅರ್ಥದ ಹೆಸರಿನ ಸರಣಿ ಜನಪ್ರಿಯವಾಯಿತು. ಯಾರಿಗೆ ವಿಚಿತ್ರ ಎಂಬ ಪ್ರಶ್ನೆಯನ್ನು ಆ ಹೆಸರೇ ಮುಚ್ಚಿಬಿಡುತ್ತದೆ. ತಿನ್ನುವವರಿಗೆ ಅದು ದಿನದ ಊಟ.

ಇಂಥ ನೋಟದ ಬೆಲೆ 2020ರಲ್ಲಿ ಎದುರಾಯಿತು. ಕೊರೊನಾ ಸೋಂಕು ಹಬ್ಬಿದ ಆರಂಭದ ದಿನಗಳಲ್ಲಿ ಬಾವಲಿಯ ಸಾರು ಕುಡಿಯುವ ಚೀನೀ ಯುವತಿಯೊಬ್ಬಳ ದೃಶ್ಯ ಲೋಕವೆಲ್ಲ ಸುತ್ತಿತು. ವುಹಾನಿನಲ್ಲಿ ರೋಗ ಹುಟ್ಟಿದ್ದು ಹೀಗೆ ಎಂದು ಜನ ನಂಬಿದರು. ವಾಸ್ತವವಾಗಿ ಆ ದೃಶ್ಯ ವುಹಾನಿನದಲ್ಲ. 2016ರಲ್ಲಿ, ಪೆಸಿಫಿಕ್ ಸಾಗರದ ಪಲಾವು ಎಂಬ ದ್ವೀಪ ದೇಶದಲ್ಲಿ, ಒಂದು ಪ್ರವಾಸ ಕಾರ್ಯಕ್ರಮಕ್ಕಾಗಿ ಚಿತ್ರಿಸಿದ್ದು! ಅಲ್ಲಿನ ವಿಶೇಷ ಖಾದ್ಯವನ್ನು ಪ್ರವಾಸಿಗಳಿಗೆ ತೋರಿಸುವುದಷ್ಟೇ ಅದರ ಉದ್ದೇಶವಾಗಿತ್ತು. ನಾಲ್ಕು ವರ್ಷದ ಬಳಿಕ ಅದೇ ತುಣುಕು ಒಂದು ಇಡೀ ಜನಾಂಗದ ಮೇಲಿನ ಆರೋಪಪಟ್ಟಿಯಾಯಿತು. ಅದರ ಏಟು ಚೀನೀಯರಂತೆ ಕಾಣುತ್ತಾರೆ ಎಂಬ ಕಾರಣಕ್ಕೆ ನಮ್ಮ ಈಶಾನ್ಯ ರಾಜ್ಯದವರಿಗೂ ಬಿತ್ತು. ಆ ವರ್ಷದ ಮಾರ್ಚ್‌ನಲ್ಲಿ ಮೈಸೂರಿನ ಅಂಗಡಿಯೊಂದರಲ್ಲಿ ನಾಗಾಲ್ಯಾಂಡಿನ ವಿದ್ಯಾರ್ಥಿಗಳಿಗೆ ಪ್ರವೇಶ ನಿರಾಕರಿಸಿದ್ದು ಪೊಲೀಸ್ ಪ್ರಕರಣವಾಯಿತು. ಇನ್ನೊಬ್ಬರ ತಟ್ಟೆಯನ್ನು ನೋಡಿ ನಗುವ ಅಭ್ಯಾಸ ಕಷ್ಟಕಾಲದಲ್ಲಿ ಬಾಗಿಲು ಮುಚ್ಚುವ ಅಭ್ಯಾಸವಾಗುತ್ತದೆ.

ಹಾಗಾದರೆ ಇಂಥ ಕಾರ್ಯಕ್ರಮಗಳೇ ಬೇಡವೆ? ಹಾಗೆನ್ನುವುದು ಆತುರದ ಮಾತು. ಅಮೆರಿಕದ ಆಂಥೊನಿ ಬೋರ್ಡೇನ್ 2018ರಲ್ಲಿ ತೀರಿಕೊಳ್ಳುವವರೆಗೆ ನಡೆಸಿದ ಸರಣಿಗಳಲ್ಲಿ ಊಟ ಒಂದು ನೆಪವಾಗಿತ್ತು. ಊಟಕ್ಕೆ ಕೂತವರ ಯುದ್ಧ, ವಲಸೆ, ದುಡಿಮೆಯ ಮಾತುಗಳಿಗೆ ಅವರು ಜಾಗ ಕೊಟ್ಟರು. 2016ರಲ್ಲಿ ವಿಯೆಟ್ನಾಮಿನ ಹನೋಯ್‌ನಲ್ಲಿ, ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು, ಅಧ್ಯಕ್ಷ ಬರಾಕ್ ಒಬಾಮ ಅವರ ಜೊತೆ ಅಗ್ಗದ ಶಾವಿಗೆ ಊಟ ಮಾಡಿದರು. ವಿಯೆಟ್ನಾಮ್ ಎಂದರೆ ಯುದ್ಧ ಎಂದೇ ತಿಳಿದಿದ್ದ ಅಮೆರಿಕನ್ನರಿಗೆ ಅದು ಬೇರೆಯೇ ಚಿತ್ರ. ತಮಾಷೆಯೆಂದರೆ, ಅವರು ಕೂತ ಮೇಜನ್ನು ಆ ಹೋಟೆಲಿನವರು ಆಮೇಲೆ ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಜೀವಂತ ಊಟ ಪ್ರದರ್ಶನದ ವಸ್ತುವಾಗಲು ಹೆಚ್ಚು ದಿನ ಬೇಕಿಲ್ಲ.

ಶಹಾಪುರಕ್ಕೆ ಬರುವ ಪ್ರವಾಸ ಕಾರ್ಯಕ್ರಮಗಳೆಲ್ಲ ತಪ್ಪದೆ ತೋರಿಸುವುದು ‘ಮಲಗಿದ ಬುದ್ಧ’ನ ಬೆಟ್ಟವನ್ನು. ರಸ್ತೆಯ ಒಂದು ಕಡೆಯಿಂದ ನೋಡಿದರೆ ಬೆಟ್ಟಸಾಲು ಅಂಗಾತ ಮಲಗಿದ ಮನುಷ್ಯನಂತೆ ಕಾಣುತ್ತದೆ. ಇನ್ನಷ್ಟು ದೂರ ಹೋದರೆ ಆ ಆಕಾರ ಕರಗಿ ಬಂಡೆ, ಕುರುಚಲು, ದನ ಮೇಯುವ ಇಳಿಜಾರು ಉಳಿಯುತ್ತವೆ. ಬೆಟ್ಟದ ಬುಡದಲ್ಲಿ ಬದುಕುವವರಿಗೆ ಅದು ಎರಡೂ ಹೌದು.

ಈಗ ಕ್ಯಾಮೆರಾ ಹೈದರಾಬಾದಿನಿಂದ, ಬೆಂಗಳೂರಿನಿಂದಲೇ ಬರಬೇಕಾಗಿಲ್ಲ. ಕೈಯಲ್ಲಿ ಫೋನಿರುವ ಹಳ್ಳಿಯ ಹೆಣ್ಣುಮಗಳೂ ತನ್ನ ಅಡುಗೆಯನ್ನು ತನ್ನದೇ ಮಾತಿನಲ್ಲಿ ತೋರಿಸಬಲ್ಲಳು, ಅನೇಕರು ತೋರಿಸುತ್ತಲೂ ಇದ್ದಾರೆ. ಅಲ್ಲಿ ‘ರೊಟ್ಟಿ ಬಡೀತೀನ್ರಿ’ ಎಂಬ ಮಾತಿಗೆ ನಗುವವರಿಲ್ಲ, ಹಿಟ್ಟಿನ ಹದ ಕೇಳುವವರಿದ್ದಾರೆ. ಅವರಲ್ಲೂ ಕೆಲವರು ಹೆಚ್ಚು ಜನ ನೋಡಲೆಂದು ಅದೇ ಹಳೆಯ ತಟ್ಟೆಯನ್ನೇ ಜೋಡಿಸುತ್ತಾರೆ ಎಂಬುದೂ ನಿಜ. 1975ರಲ್ಲಿ ಹಳ್ಳಿಗೆ ಟಿ.ವಿ. ತಂದವರ ಮುಂದಿದ್ದ ಪ್ರಶ್ನೆ, ಯಾರು ಯಾರಿಗೆ ಏನನ್ನು ತೋರಿಸಬೇಕು ಎಂಬುದು. ಐವತ್ತು ವರ್ಷದ ಬಳಿಕ ಆ ಪ್ರಶ್ನೆಗೆ ಉತ್ತರ ಕೊಡುವ ಅವಕಾಶ ನೋಡುತ್ತಿದ್ದವರ ಕೈಗೇ ಬಂದಿದೆ. ನೋಡುವವರ ಪಾಲಿಗೆ ಉಳಿಯುವ ಕೆಲಸ ಚಿಕ್ಕದು. ರೊಟ್ಟಿ ಚೆನ್ನಾಗಿದೆ ಎಂದ ಮೇಲೆ, ಬಡಿದವರು ಯಾರು, ಅವರು ಇಂದು ಏನು ಉಂಡರು ಎಂದೂ ಕೇಳುವುದು.